ಓ ಗುಂಪಿನ ದುರುಗಕ್ಕ

ನನ್ನ ನಾಲಿಗೆ ಸ್ವಲ್ಪ ಉದ್ದ. ಇದನ್ನು ನಾನು ಲಂಗ ತೊಡುವ ಕಾಲದಿಂದಲೂ ನಮ್ಮಮ್ಮ ಮುಖದ ಮೇಲೆ ಹೇಳುತ್ತಿದ್ದಳು. ಕಾಲೇಜಿನಲ್ಲಿ ಜೊತೆ ಕೆಲಸ ಮಾಡುವವರು ಬೆನ್ನ ಹಿಂದೆ ಹೇಳುತ್ತಾರೆ. ಹೆಸರು ಕಲ್ಪನಾ, ಊರು ನ್ಯಾಮತಿ, ಕೆಲಸ ಜಗಳೂರಿನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ. ವಾರವೆಲ್ಲ ಜಗಳೂರಿನ ಬಾಡಿಗೆ ಮನೆಯಲ್ಲಿದ್ದು, ಶನಿವಾರ ಸಂಜೆ ದಾವಣಗೆರೆಯಲ್ಲೊಂದು ಹೊನ್ನಾಳಿಯಲ್ಲೊಂದು ಬಸ್ಸು ಬದಲಿಸಿ ಮನೆ ಸೇರುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ನಡೆದಿದೆ. ಈ ಇಪ್ಪತ್ತೆರಡು ವರ್ಷದಲ್ಲಿ ಆಡಿದ ಮಾತುಗಳಲ್ಲಿ ಒಂದನ್ನು ವಾಪಸ್ ತೆಗೆದುಕೊಳ್ಳಬಹುದು ಎಂದು ಯಾರಾದರೂ ಹೇಳಿದರೆ, ಯಾವುದನ್ನು ಎಂದು ನಾನು ಯೋಚಿಸಬೇಕಾಗಿಲ್ಲ. ಐದು ವರ್ಷದ ಹಿಂದೆ, ಆಗಸ್ಟ್ ತಿಂಗಳಲ್ಲಿ, ಪ್ರಯೋಗಾಲಯದಲ್ಲಿ ಮೂವತ್ತು ಜನ ಪೋಷಕರ ಎದುರು ಆಡಿದ ಮಾತು ಅದು.

ಆನುವಂಶೀಯತೆಯ ಪಾಠವೆಂದರೆ ನನಗೆ ಹಬ್ಬ. “ನಿಮ್ಮ ಮೈಯ ಒಂದೊಂದು ಜೀವಕೋಶದ ಒಳಗೂ ಒಂದು ಪುಸ್ತಕ ಐತೆ” ಎಂದೇ ಶುರುಮಾಡುತ್ತಿದ್ದೆ. ಡಿಎನ್‌ಎ ಎಂಬ ಆ ಪುಸ್ತಕದಲ್ಲಿ ಅರ್ಧ ಅಪ್ಪನಿಂದ ಬಂದದ್ದು, ಅರ್ಧ ಅವ್ವನಿಂದ ಬಂದದ್ದು. ಕಣ್ಣಿನ ಜೀವಕೋಶಕ್ಕೂ ಕಾಲ್ಬೆರಳಿನ ಜೀವಕೋಶಕ್ಕೂ ಪುಸ್ತಕ ಒಂದೇ. ಆದರೆ ಕಣ್ಣು ತನಗೆ ಬೇಕಾದ ಪುಟವನ್ನಷ್ಟೇ ಓದಿಕೊಳ್ಳುತ್ತದೆ, ಕಾಲ್ಬೆರಳು ತನಗೆ ಬೇಕಾದದ್ದನ್ನು. ಬರೆದಿಟ್ಟುಕೊಳ್ಳುವುದು ಬೇರೆ, ಬಳಸುವುದು ಬೇರೆ. ಈ ಮಾತನ್ನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ನಾನು ಮಾತ್ರ ಬರೆದುಕೊಂಡಿರಲಿಲ್ಲ ಎಂದು ಕಾಣುತ್ತದೆ.

ಪಾಠದ ಕೊನೆಗೆ ನಾನೇ ಹುಟ್ಟುಹಾಕಿದ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯವರ ರಕ್ತದ ಗುಂಪು ಬರೆದು ಒಂದು ಪಟ್ಟಿ ಮಾಡಬೇಕು. ಅಪ್ಪನದು ಯಾವುದು, ಅವ್ವನದು ಯಾವುದು, ತನ್ನದು ಯಾವುದು. ಗೊತ್ತಿಲ್ಲದವರು ಪೋಷಕರ ಸಭೆಯ ದಿನ ಅಪ್ಪ ಅವ್ವನನ್ನು ಪ್ರಯೋಗಾಲಯಕ್ಕೆ ಕರೆತಂದರೆ ನಾನೇ ನೋಡಿ ಹೇಳುತ್ತಿದ್ದೆ. ಇದೇನು ದೊಡ್ಡ ಕೆಲಸವಲ್ಲ. ಗಾಜಿನ ಪಟ್ಟಿಯ ಮೇಲೆ ಎರಡು ಹನಿ ರಕ್ತ. ಒಂದಕ್ಕೆ ನೀಲಿ ದ್ರವ, ಇನ್ನೊಂದಕ್ಕೆ ಹಳದಿ. ನೀಲಿಯಲ್ಲಿ ರಕ್ತ ಗಂಟುಗಂಟಾದರೆ ಎ ಗುಂಪು, ಹಳದಿಯಲ್ಲಾದರೆ ಬಿ, ಎರಡರಲ್ಲೂ ಆದರೆ ಎಬಿ, ಎರಡರಲ್ಲೂ ಆಗದಿದ್ದರೆ ಓ. ಜನ ತಮ್ಮ ರಕ್ತವನ್ನು ತಾವೇ ಬೆರಗಾಗಿ ನೋಡುತ್ತಿದ್ದರು. ನನಗೆ ಅದೊಂದು ಖುಷಿ.

ರೂಪಶ್ರೀ ಆ ವರ್ಷದ ನನ್ನ ಅಚ್ಚುಮೆಚ್ಚಿನ ಹುಡುಗಿ. ಜಗಳೂರಿನಿಂದ ಆರು ಕಿಲೋಮೀಟರ್ ದೂರದ ಹಳ್ಳಿಯವಳು. ಅಪ್ಪ ರಂಗಣ್ಣ ಲಗೇಜ್ ಆಟೊದಲ್ಲಿ ಕುರಿಗಳನ್ನು ಸಂತೆಗಳಿಗೆ ಸಾಗಿಸುತ್ತಿದ್ದ, ಅವ್ವ ದುರುಗಕ್ಕ ಮನೆಯ ಎರಡು ಎಕರೆಯಲ್ಲಿ ಮೆಕ್ಕೆಜೋಳ, ಶೇಂಗಾ ನೋಡಿಕೊಳ್ಳುತ್ತಿದ್ದಳು. ಒಬ್ಬಳೇ ಮಗಳು. ಸಭೆಗೆ ಇಬ್ಬರೂ ಬಂದಿದ್ದರು. ರಂಗಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಒಂದು ಚೀಲ ಹಸಿ ಶೇಂಗಾ ತಂದು ನನ್ನ ಮೇಜಿನ ಕೆಳಗಿಟ್ಟ.

“ನಮ್ಮ ಹುಡುಗಿ ಮನೆಯಾಗೆ ಬರೀ ನಿಮ್ಮದೇ ಜಪ ಮಾಡ್ತಾಳ್ರೀ ಮೇಡಂ. ಮೇಡಂ ಹೇಳಿದ್ರೆ ಮುಗೀತು, ಅದ್ರ ಮುಂದೆ ನಮ್ಮ ಮಾತು ನಡಿಯಾಕಿಲ್ಲ” ಎಂದು ನಕ್ಕ.

ನಾನು ಉಬ್ಬಿದೆ. ಸುಳ್ಳು ಯಾಕೆ ಹೇಳಲಿ?

ರೂಪಶ್ರೀಯದು ಬಿ ಗುಂಪು ಎಂದು ಮೊದಲೇ ಗೊತ್ತಿತ್ತು. ರಂಗಣ್ಣನ ರಕ್ತ ನೋಡಿದೆ, ಓ. ದುರುಗಕ್ಕನದು ನೋಡಿದೆ, ಅದೂ ಓ. ಬೋರ್ಡಿನ ಮೇಲೆ ಬರೆಯಲು ಹೋದವಳು ಸೀಮೆಸುಣ್ಣ ಹಿಡಿದು ನಿಂತೆ. ಅಪ್ಪನಲ್ಲೂ ಅವ್ವನಲ್ಲೂ ಇಲ್ಲದ ಬಿ ಮಗಳಿಗೆ ಎಲ್ಲಿಂದ ಬಂತು? ಮತ್ತೊಮ್ಮೆ ಇಬ್ಬರ ಬೆರಳಿಗೂ ಸೂಜಿ ಚುಚ್ಚಿದೆ. ಅದೇ ಉತ್ತರ. ಮೂರನೆಯ ಸಲ ದುರುಗಕ್ಕ ತಾನೇ ಬೆರಳು ಮುಂದೆ ಚಾಚಿದಳು, ಏನೋ ಕೆಲಸ ಕೆಟ್ಟಿದೆ, ಮೇಡಂಗೆ ಸಹಾಯ ಮಾಡೋಣ ಎನ್ನುವ ಹಾಗೆ. ಅಷ್ಟು ಹೊತ್ತಿಗೆ ಮೂವತ್ತು ಜನರ ಕಣ್ಣೂ ನಮ್ಮ ಮೇಲಿತ್ತು.

“ಯಾಕ್ರೀ ಮೇಡಂ, ಏನಾತು?” ಎಂದ ರಂಗಣ್ಣ.

“ಏನೋ ತಪ್ಪಾಗೈತೆ, ಆಮೇಲೆ ನೋಡ್ತೀನಿ” ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಪರೀಕ್ಷೆಯಲ್ಲಿ ತಪ್ಪಾಗಿದೆ ಎಂದು ನಾನು ಒಪ್ಪಿಕೊಳ್ಳುವುದು ಹೇಗೆ? ಮೂರು ಸಲ ಮಾಡಿದ್ದೇನೆ, ಸರಿಯಾಗಿಯೇ ಮಾಡಿದ್ದೇನೆ.

“ಇಬ್ರದೂ ಓ ಇದ್ರೆ ಬಿ ಗುಂಪಿನ ಮಗು ಹುಟ್ಟಾಕೆ ಸಾಧ್ಯವೇ ಇಲ್ಲ” ಎಂದೆ. ಅಲ್ಲಿಗೂ ಬಾಯಿ ನಿಲ್ಲಲಿಲ್ಲ. ತರಗತಿಯಲ್ಲಿ ಹೇಳಿ ಹೇಳಿ ರೂಢಿಯಾದ ಮಾತು ತಾನಾಗಿ ಬಂತು. “ಮನುಷ್ಯರು ಸುಳ್ಳು ಹೇಳ್ತಾರೆ, ಜೀವಕೋಶ ಹೇಳಲ್ಲ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ರಂಗಣ್ಣನ ಮುಖದಿಂದ ನಗು ಇಳಿದು ಹೋಯಿತು. ಆಗಲೇ ನನಗೆ ಏನು ಹೇಳಿದೆನೆಂಬುದು ತಲೆಗೆ ಹತ್ತಿದ್ದು. ದುರುಗಕ್ಕನಿಗೆ ಇನ್ನೂ ಅರ್ಥವಾಗಿರಲಿಲ್ಲ. ಬೆರಳಿಗೆ ಹತ್ತಿ ಒತ್ತಿಕೊಂಡು ಒಮ್ಮೆ ನನ್ನನ್ನು, ಒಮ್ಮೆ ಗಂಡನನ್ನು ನೋಡುತ್ತಿದ್ದಳು.

ಮುಂದಿನದನ್ನು ನನಗೆ ಹೇಳಿದ್ದು ಬೊಮ್ಮಕ್ಕ. ನಮ್ಮ ಕಾಲೇಜಿನಲ್ಲಿ ಕಸ ಗುಡಿಸಿ ಗಂಟೆ ಬಾರಿಸುವ ಬೊಮ್ಮಕ್ಕನದೂ ಅದೇ ಹಳ್ಳಿ. ರಂಗಣ್ಣ ಹೆಂಡತಿಯ ಮೇಲೆ ಕೈ ಮಾಡಲಿಲ್ಲವಂತೆ, ಕೂಗಾಡಲೂ ಇಲ್ಲವಂತೆ. ಎರಡು ವಾರ ಮನೆಯಲ್ಲಿ ಉಣ್ಣದೆ ಆಟೊದಲ್ಲೇ ಮಲಗಿದನಂತೆ. ಮಾತು ಊರೆಲ್ಲ ಹರಡಿ ಹಿರಿಯ ಉಚ್ಚಂಗೆಪ್ಪ ಇಬ್ಬರನ್ನೂ ಊರದೇವತೆ ಅಮ್ಮನ ಗುಡಿಗೆ ಕರೆಸಿದ. ಆ ಊರಲ್ಲಿ ಇಂಥ ಅಪವಾದ ಬಂದರೆ ದಾರಿ ಒಂದೇ. ಅಪವಾದ ಹೊತ್ತವರು ಮೈತುಂಬ ನೀರು ಹೊಯ್ದುಕೊಂಡು ಒದ್ದೆ ಬಟ್ಟೆಯಲ್ಲಿ ದೇವಿಯ ಮುಂದೆ ಉರಿಯುವ ಕರ್ಪೂರ ಆರಿಸಿ ಆಣೆ ಮಾಡಬೇಕು. ಆಣೆಯಾದ ಮೇಲೆ ಆ ವಿಷಯವನ್ನು ಯಾರೂ ಮತ್ತೆ ಎತ್ತುವ ಹಾಗಿಲ್ಲ. ಎತ್ತಿದವರಿಗೇ ದೋಷ.

“ದುರುಗಕ್ಕ ಒಂಚೂರೂ ಅಂಜಲಿಲ್ಲರೀ ಮೇಡಂ” ಎಂದಳು ಬೊಮ್ಮಕ್ಕ. “ಸೀದಾ ಹೋಗಿ ಅಂಗೈಯಾಗೆ ಕರ್ಪೂರ ಆರ್ಸಿದ್ಲು. ಊರೋರೆಲ್ಲ ಒಪ್ಪಿದ್ರು. ಉಚ್ಚಂಗೆಪ್ಪ ‘ಮುಗೀತು, ಹೆಂಡ್ತೀನ ಕರ್ಕೊಂಡು ಹೋಗಪ್ಪ’ ಅಂದ. ರಂಗಣ್ಣ ಏನಂದ ಗೊತ್ತೇನ್ರೀ? ‘ಅಮ್ಮನ ಮುಂದೆ ಯಾರು ಬೇಕಾದ್ರೂ ಸುಳ್ಳು ಹೇಳಬಹುದು. ಜೀವಕೋಶ ಸುಳ್ಳು ಹೇಳಲ್ಲ ಅಂತ ಕಾಲೇಜು ಮೇಡಂ ಹೇಳ್ಯಾರೆ’ ಅಂದ.”

ನಾನು ಮೂಢನಂಬಿಕೆ ಎಂದು ಮೂಗು ಮುರಿಯುವ ಆ ಕರ್ಪೂರ ಆ ಹೆಂಗಸಿನ ಸಂಸಾರ ಉಳಿಸಿಕೊಡುವುದರಲ್ಲಿತ್ತು. ಅದನ್ನು ತಪ್ಪಿಸಿದ್ದು ನನ್ನ ವಿಜ್ಞಾನ. ಮರುದಿನ ಚನ್ನಗಿರಿ ತಾಲೂಕಿನ ತ್ಯಾವಣಿಗೆಯಿಂದ ದುರುಗಕ್ಕನ ತಮ್ಮ ಕೆಂಚೇಶ್ ಬಂದು ಅಕ್ಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದ. ರೂಪಶ್ರೀ ಅಪ್ಪನ ಬಳಿಯೇ ಉಳಿದಳು.

ಇಷ್ಟೇ ಆಗಿದ್ದರೆ ಅಜ್ಞಾನದ ತಪ್ಪು ಎಂದುಕೊಂಡು ನಾನು ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ದುರುಗಕ್ಕ ಹೋದ ತಿಂಗಳಲ್ಲೇ ಒಂದು ಭಾನುವಾರ, ನ್ಯಾಮತಿಯ ಮನೆಯ ಅಟ್ಟ ಸ್ವಚ್ಛ ಮಾಡುವಾಗ, ನನ್ನ ಎಂಎಸ್ಸಿ ನೋಟ್ಸು ಸಿಕ್ಕಿತು. ಮನಸ್ಸು ಕುಟುಕುತ್ತಿದ್ದರಿಂದಲೋ ಏನೋ, ರಕ್ತದ ಗುಂಪಿನ ಅಧ್ಯಾಯವನ್ನೇ ಹುಡುಕಿ ತೆಗೆದೆ. ನನ್ನದೇ ಅಕ್ಷರದಲ್ಲಿ ಒಂದು ಪ್ಯಾರಾ ಇತ್ತು: ಬಾಂಬೆ ರಕ್ತದ ಗುಂಪು. ಹತ್ತು ಸಾವಿರಕ್ಕೊಬ್ಬರಲ್ಲಿ ಕಾಣುವಂಥದ್ದು, ರಕ್ತಸಂಬಂಧದಲ್ಲಿ ಮದುವೆಯಾಗುವ ಮನೆತನಗಳಲ್ಲಿ ತುಸು ಹೆಚ್ಚು. ಎರಡು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡಿ ಮರೆತದ್ದು.

ಎ ಅಥವಾ ಬಿ ಎನ್ನುವುದು ರಕ್ತಕಣದ ಮೈಮೇಲೆ ಅಂಟಿಕೊಳ್ಳುವ ಒಂದು ಗುರುತು. ಅದು ಅಂಟಿಕೊಳ್ಳಲು ಮೊದಲು ಎಚ್ ಎಂಬ ಇನ್ನೊಂದು ವಸ್ತು ಅಲ್ಲಿರಬೇಕು. ಆ ಎಚ್ ಮಾಡುವ ಪುಟ ಒಬ್ಬರಿಗೆ ಅಪ್ಪನ ಕಡೆಯಿಂದಲೂ ಅವ್ವನ ಕಡೆಯಿಂದಲೂ ಕೆಟ್ಟು ಬಂದಿದ್ದರೆ, ಬಿ ಮಾಡುವ ಪುಟ ಒಳಗೆ ಸರಿಯಾಗಿಯೇ ಇದ್ದರೂ ಹೊರಗೆ ಏನೂ ಕಾಣುವುದಿಲ್ಲ. ನನ್ನ ನೀಲಿ ಹಳದಿ ದ್ರವಗಳಿಗೆ ಅಂಥವರು ಓ ಎಂದೇ ತೋರುತ್ತಾರೆ. ಆದರೆ ಅಂಥ ಅವ್ವನ ಬಿ ಪುಟ ಮಗಳಿಗೆ ಹೋಗಬಹುದು. ಅಪ್ಪನ ಕಡೆಯಿಂದ ಒಳ್ಳೆಯ ಎಚ್ ಸಿಕ್ಕರೆ ಮಗಳಲ್ಲಿ ಬಿ ಎದ್ದು ಕಾಣುತ್ತದೆ.

ಸಭೆಯ ದಿನ ದುರುಗಕ್ಕ ತನ್ನ ಅವ್ವನನ್ನು ಸ್ವಂತ ಸೋದರಮಾವನಿಗೇ ಕೊಟ್ಟಿದ್ದರೆಂದು ಮಾತಿನ ನಡುವೆ ಹೇಳಿದ್ದಳು. ಹೋಗಿ ಹೇಳಬೇಕು ಎಂದುಕೊಂಡೆ. ಆಮೇಲೆ ಹತ್ತು ಸಾವಿರಕ್ಕೊಬ್ಬರು ನಮ್ಮ ಜಗಳೂರಿನಲ್ಲೇ ಯಾಕಿರಬೇಕು ಎಂದುಕೊಂಡೆ. ಹೇಳಿದ ಮೇಲೆ ಪರೀಕ್ಷೆ ಮಾಡಿಸಿ ಅದೂ ಅಲ್ಲ ಎಂದಾದರೆ ಆ ಹೆಂಗಸಿಗೆ ಎರಡನೆಯ ಸಲ ಅವಮಾನ ಎಂದುಕೊಂಡೆ. ಇವೆಲ್ಲ ನೆವ. ಮೂವತ್ತು ಜನರ ಮುಂದೆ ಖಂಡಿತವಾಗಿ ಹೇಳಿದ್ದನ್ನು ತಪ್ಪಿರಬಹುದು ಎಂದು ತಿದ್ದಲು ನನ್ನ ಉದ್ದ ನಾಲಿಗೆ ಹೊರಳಲಿಲ್ಲ. ನಾಳೆ ನಾಳೆ ಎನ್ನುತ್ತ ಮಾರ್ಚ್ ಬಂತು, ರೂಪಶ್ರೀ ಪರೀಕ್ಷೆ ಬರೆದಳು, ಕೊರೊನಾ ಬಂದು ಎಲ್ಲ ಮುಚ್ಚಿತು. ಮತ್ತೆ ತೆರೆಯುವ ಹೊತ್ತಿಗೆ ಅವಳು ಕಾಲೇಜಿನಲ್ಲಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಅವಳು ನ್ಯಾಮತಿಯ ನಮ್ಮ ಮನೆಗೆ ಬಂದಳು. ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಹೊನ್ನಾಳಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಕಾಲಿಗೆ ನಮಸ್ಕಾರ ಮಾಡಿದವಳು ಕೂರಲೂ ಇಲ್ಲ.

“ಅವ್ವಗೆ ಗರ್ಭಕೋಶದ ಆಪರೇಷನ್ ಆತು ಮೇಡಂ. ದಾವಣಗೆರೆಲಿ ಯಾವ ಓ ರಕ್ತನೂ ಹೊಂದಲಿಲ್ಲ. ಬೆಂಗಳೂರಿಗೆ ಕಳ್ಸಿದ್ರು, ಜೀನ್ ಪರೀಕ್ಷೆನೂ ಮಾಡಿದ್ರು. ಬಾಂಬೆ ಗುಂಪು. ಒಳಗೆ ಬಿ ಐತೆ. ಬೆಳಗಾವಿಯಿಂದ ಯಾರೋ ಪುಣ್ಯಾತ್ಮರು ಬಂದು ರಕ್ತ ಕೊಟ್ರು.”

ಫೈಲಿನಿಂದ ಅವಳು ತೆಗೆದುಕೊಟ್ಟ ಕಾಗದ ಹಿಡಿದುಕೊಂಡೆ. ಓದಲಿಲ್ಲ. ಓದುವ ಅಗತ್ಯವಿರಲಿಲ್ಲ.

“ಅವ್ವಗೆ ರಕ್ತ ಅಪರೂಪದ್ದು ಅಂತ ಗೊತ್ತೈತೆ, ಇದ್ರ ಅರ್ಥ ಇನ್ನೂ ಹೇಳಿಲ್ಲ. ಮೊದ್ಲು ಅಪ್ಪಗೆ ಗೊತ್ತಾಗ್ಬೇಕು. ನಾನು ಹೇಳಿದ್ರೆ ಅವ್ವನ ಪರ ಅಂತಾನೆ. ನೀವು ಹೇಳಿದ್ದನ್ನ ನಂಬಿದ್ದ, ನೀವೇ ಬಂದು ಹೇಳ್ರಿ ಮೇಡಂ.” ಆಮೇಲೆ, “ಇಂಥದ್ದು ಐತೆ ಅಂತ ನಿಮಗೂ ಗೊತ್ತಿರಲಿಲ್ಲ ಅಲ್ವಾ?” ಎಂದಳು.

“ನಮ್ಮ ಪಿಯು ಪುಸ್ತಕದಾಗೆ ಇರಲಿಲ್ಲ” ಎಂದೆ.

“ನಂಗೊತ್ತಿತ್ತು. ಗೊತ್ತಿದ್ರೆ ನೀವು ಹೇಳದೆ ಇರ್ತಿರಲಿಲ್ಲ” ಎಂದು ಕಣ್ಣೊರೆಸಿಕೊಂಡಳು. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಮರುದಿನ ಭಾನುವಾರ ಇಬ್ಬರೂ ರಂಗಣ್ಣನ ಮನೆಗೆ ಹೋದೆವು. ತುಂಬ ಇಳಿದು ಹೋಗಿದ್ದ. ಆಟೊ ತೊಳೆಯುತ್ತಿದ್ದವನು ಗಡಬಡಿಸಿ ಕೈ ಒರೆಸಿಕೊಂಡು ಕುರ್ಚಿ ಹಾಕಿದ. ನಾನು ಇಡೀ ದಾರಿ ಯೋಚಿಸಿಕೊಂಡು ಹೋಗಿದ್ದ ಮಾತನ್ನೇ ಹೇಳಿದೆ.

“ಕುರಿ ಕಟ್ಟಾಕೆ ಗೂಟ ಬೇಕಲ್ವೇನ್ರೀ? ಗೂಟ ಇಲ್ಲದ ಕಡೆ ಕುರಿ ನಿಲ್ಲಲ್ಲ. ನೋಡಿದೋರು ಈ ಮನೇಲಿ ಕುರಿನೇ ಇಲ್ಲ ಅಂತಾರೆ. ದುರುಗಕ್ಕನ ರಕ್ತದಾಗೆ ಬಿ ಅನ್ನೋದು ಮೊದ್ಲಿಂದ್ಲೂ ಐತೆ, ಕಟ್ಟಾಕೆ ಗೂಟ ಇಲ್ಲ. ಗೂಟ ನಿಮ್ಮ ಕಡೆಯಿಂದ ಬಂತು. ನಿಮ್ಮ ಮಗಳಿಗೆ ಎರಡೂ ಸಿಕ್ಕವು, ಅದಕ್ಕೇ ಅವ್ಳದು ಬಿ.”

ರಂಗಣ್ಣ ಮಗಳ ಕಡೆ ತಿರುಗಿದ.

“ಅಂದ್ರೆ ಹುಡುಗಿ ನನ್ನ ಮಗಳೇ?”

“ನಿಮ್ಮ ಮಗಳೇ. ಅವ್ವಗೆ ಬಿ ಇಲ್ಲ ಅಂತ ಅವತ್ತು ನಾನು ಹೇಳಿದ್ದೇ ತಪ್ಪು. ಅನುಮಾನ ಪಡಾಕೆ ಕಾರಣನೇ ಇರಲಿಲ್ಲ.”

“ಖಾತ್ರಿನಾ? ಅವತ್ತೂ ಖಾತ್ರಿ ಅಂತಾನೇ ಹೇಳಿದ್ರಿ” ಎಂದ. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ನಾನು ಕಾಗದ ಮುಂದೆ ಹಿಡಿದೆ. ಅವನಿಗೆ ಅದನ್ನು ಓದಲು ಬಾರದು. ಆದರೂ ಎರಡೂ ಕೈಯಲ್ಲಿ ತೆಗೆದುಕೊಂಡ. ಆಮೇಲೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ರೂಪಶ್ರೀ ಹತ್ತಿರ ಹೋಗಿ ಅವನ ಹೆಗಲು ಹಿಡಿದುಕೊಂಡಳು. ಐದು ವರ್ಷದಿಂದ ಅವಳಿಗೆ ಅನ್ನ ಹಾಕಿದ್ದ, ಫೀಸು ಕಟ್ಟಿದ್ದ, ಆದರೆ ಮುಖಕ್ಕೆ ಮುಖ ಕೊಟ್ಟು ಮಾತಾಡಿರಲಿಲ್ಲ ಎಂದು ಅವಳೇ ಬಸ್ಸಿನಲ್ಲಿ ಹೇಳಿದ್ದಳು.

“ಈಗಲೇ ಹೊರಡಾಣ” ಎಂದ. ಅವನ ಆಟೊದಲ್ಲೇ ಮೂವರೂ ತ್ಯಾವಣಿಗೆಗೆ ಹೊರಟೆವು.

ದುರುಗಕ್ಕ ತಮ್ಮನ ಮನೆಯ ಜಗುಲಿಯಲ್ಲಿ ಗೋಡೆಗೊರಗಿ ಅವರೆಕಾಯಿ ಬಿಡಿಸುತ್ತಿದ್ದಳು. ಆಪರೇಷನ್ನಿನ ಸುಸ್ತು ಇನ್ನೂ ಮುಖದಲ್ಲಿತ್ತು. ಗಂಡನನ್ನು ಕಂಡು ಸೆರಗು ಸರಿಮಾಡಿಕೊಂಡಳು, ಏಳಲಿಲ್ಲ. ನಾನು ಗೂಟದ ಕಥೆಯನ್ನು ಮತ್ತೊಮ್ಮೆ ಹೇಳಿದೆ. ಕೇಳಿದಳು. ರಂಗಣ್ಣ ಕಟ್ಟೆಯ ಕೆಳಗೆ ನಿಂತು, “ತಪ್ಪಾತು ದುರುಗಿ. ನಡಿ, ಮನೆಗೆ ಹೋಗಾಣ” ಎಂದ.

“ಅಮ್ಮನ ಮುಂದೆ ನಾನು ಹೇಳಿದ್ದೂ ಇದೇ ಅಲ್ವಾ?” ಎಂದಳು ದುರುಗಕ್ಕ. ದನಿ ಏರಲಿಲ್ಲ. “ನನ್ನ ಬಾಯಾಗೆ ಬಂದಾಗ ನಂಬಲಿಲ್ಲ. ಕಾಗದದಾಗೆ ಬಂತು ಅಂತ ಕರಿಯಾಕೆ ಬಂದೀರಿ. ನಾಳೆ ಇನ್ನೊಂದು ಕಾಗದ ಬಂದ್ರೆ ಮತ್ತೆ ಇಲ್ಲಿಗೇ ಕಳಿಸ್ತೀರೇನು? ಉಂಡು ಹೋಗ್ರಿ. ನಾನು ಬರಾಕಿಲ್ಲ.”

ರಂಗಣ್ಣ ಆಟೊ ಕಡೆ ನಡೆದ. ನಾನು ಕಟ್ಟೆ ಹತ್ತಿ ಅವಳ ಪಕ್ಕ ಕೂತೆ. “ಎಲ್ಲ ನನ್ನಿಂದ ಆಗಿದ್ದು, ದುರುಗಕ್ಕ. ಕ್ಷಮಿಸ್ರಿ” ಎಂದೆ.

“ನಿಮ್ಮದೇನೈತೆ ಬಿಡ್ರಿ. ಗೊತ್ತಿದ್ದಷ್ಟು ಹೇಳಿದ್ರಿ. ಗೊತ್ತಿಲ್ಲದ್ದು ಹೆಂಗೆ ಹೇಳ್ತೀರಿ?”

ಅವಳು ಅಷ್ಟು ದೊಡ್ಡ ಮನಸ್ಸು ಮಾಡದಿದ್ದರೆ ನಾನು ಸುಮ್ಮನೆ ತಲೆತಗ್ಗಿಸಿ ಬಂದುಬಿಡುತ್ತಿದ್ದೆನೇನೋ. ಆ ಮಾತನ್ನು ಹೊತ್ತುಕೊಂಡು ಅಲ್ಲಿಂದ ಏಳಲು ನನ್ನ ಕೈಲಾಗಲಿಲ್ಲ.

“ಗೊತ್ತಿತ್ತು” ಎಂದೆ. “ನೀವು ಮನೆ ಬಿಟ್ಟ ತಿಂಗಳೇ ನನಗೆ ನೆನಪಾಗಿತ್ತು. ಹಿಂಗೂ ಇರಬಹುದು ಅಂತ ಅವತ್ತೇ ಬಂದು ಹೇಳಬಹುದಿತ್ತು. ಹೇಳಲಿಲ್ಲ. ನಾನು ತಪ್ಪು ಅಂತ ಜನ ಅಂದಾರು ಅಂತ ಸುಮ್ಮನಿದ್ದೆ.”

ದುರುಗಕ್ಕನ ಕೈ ಅವರೆಕಾಯಿಯ ಮೇಲೆ ನಿಂತಿತು. ಆದರೆ ಮಾತಾಡಿದ್ದು ರೂಪಶ್ರೀ. ಬಾಗಿಲ ಬಳಿ ನಿಂತಿದ್ದಳು.

“ಅಪ್ಪ ಒಬ್ಬನೇ ಅಲ್ಲ ಮೇಡಂ” ಎಂದಳು. “ನಾನೂ ನಂಬಿದ್ದೆ. ನೀವು ಬೋರ್ಡಿನ ಮೇಲೆ ಬರೆದಿದ್ದು ಸುಳ್ಳಾಗಲ್ಲ ಅಂತ. ಐದು ವರ್ಷ, ಆಸ್ಪತ್ರೆ ಕಾಗದ ಕೈಗೆ ಬರೋ ತನಕ, ನಾನು ಯಾರ ಮಗಳೋ ಅಂತ ಅಂದ್ಕೊಂಡೇ ಅವ್ವನ್ನ ನೋಡೀನಿ.” ಅವ್ವನ ಮುಂದೆ ಕುಸಿದು ಕೂತು ಅವಳ ಕಾಲು ಹಿಡಿದುಕೊಂಡಳು. “ಒಂದು ಸಲನೂ ಬಾಯಿಬಿಟ್ಟು ಕೇಳಲಿಲ್ಲ ಅವ್ವ. ಆದ್ರೆ ಹಂಗೇ ಅಂದ್ಕೊಂಡಿದ್ದೆ.”

ದುರುಗಕ್ಕ ಮಗಳ ತಲೆಯ ಮೇಲೆ ಕೈ ಇಟ್ಟಳು.

“ನಂಗೊತ್ತಿತ್ತು ಬಿಡು” ಎಂದಳು. “ರಜಕ್ಕೆ ಇಲ್ಲಿಗೆ ಬಂದಾಗೆಲ್ಲ ನೀನು ನನ್ನ ಮುಖ ನೋಡ್ದೆ ಉಣ್ತಿದ್ದೆ.”